ವೋಲ್ಟೇಜ್ ಸರಿಯಿದೆ, ಬಲ ಇಳಿಯುತ್ತಿದೆ: ಹೃದಯ ಕೋಶದ ಮಾದರಿಯಲ್ಲಿ ದೋಷ ಹುಡುಕುವ ಬಗೆ

ಶನಿವಾರ ಸಂಜೆ ತಂಗಿ ಮಗಳು ಲ್ಯಾಪ್‌ಟಾಪ್ ಸಮೇತ ಕುವೆಂಪುನಗರದ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳೇ ಊಟದ ಮೇಜಿನ ಮೇಲೆ ಅದನ್ನು ತೆರೆದಿಟ್ಟಳು. ಎಂಎಸ್‌ಸಿ ಎರಡನೇ ವರ್ಷ. ಹೃದಯದ ಒಂದು ಕೋಶ ಬಡಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಮಾದರಿಯೇ ಅವಳ ಪ್ರಾಜೆಕ್ಟ್. ಅದನ್ನು ಒಪ್ಪಿಸಲು ಹದಿನೈದು ದಿನ ಉಳಿದಿತ್ತು.

"ದೊಡ್ಡಮ್ಮ, ವೋಲ್ಟೇಜ್ ಎಲ್ಲಾ ಸರಿಯಾಗೇ ಬರ್ತೈತೆ. ಕೋಶ ಕುಗ್ಗೋದು ಮಾತ್ರ ಬಡಿತದಿಂದ ಬಡಿತಕ್ಕೆ ಕಮ್ಮಿ ಆಗ್ತಾ ಹೋಗ್ತೈತೆ. ಹತ್ತು ದಿನದಿಂದ ಇದೇ ಗೋಳು."

ನಾನು ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನದ ಲ್ಯಾಬ್ ನೋಡಿಕೊಳ್ಳುವವಳು. ಇದೇ ದೂರು ಹಿಡಿದು ಪ್ರತಿ ವರ್ಷ ಯಾರಾದರೊಬ್ಬರು ಬರುತ್ತಾರೆ. ಆ ರಾತ್ರಿ ನಾವಿಬ್ಬರೂ ಹುಡುಕಿದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಮಾದರಿ ಬೇರೆ ಇರಬಹುದು, ಬಳಸುವ ಭಾಷೆ ಬೇರೆ ಇರಬಹುದು. ಹುಡುಕುವ ಕ್ರಮ ಇದೇ.

ಅವಳು ಹಿಡಿದಿದ್ದು ಓ'ಹಾರಾ-ರೂಡಿ ಮಾದರಿ. 2011ರಲ್ಲಿ ಬಂದದ್ದು, ಮನುಷ್ಯನ ಹೃದಯದ ಕೆಳಕೋಣೆಯ ಕೋಶದ ಲೆಕ್ಕ. ಅದರಲ್ಲಿ ಕುಗ್ಗುವ ಬಲದ ಸಮೀಕರಣ ಇಲ್ಲ. ಅದನ್ನು ಅವಳು ಬೇರೆ ಕಡೆಯಿಂದ ತಂದು ಜೋಡಿಸಿದ್ದಳು. ಕೆಸಿಎನ್‌ಎಚ್2 ಅನ್ನುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕೋಶಕ್ಕೆ ಏನಾಗುತ್ತದೆ ಅನ್ನೋದು ಅವಳ ಪ್ರಶ್ನೆ.

ಕೋಶ ಕುಗ್ಗುವುದು ಹೇಗೆ

ದೋಷ ಹುಡುಕುವ ಮೊದಲು ಸರಿ ಇದ್ದಾಗ ಹೇಗಿರುತ್ತದೆ ಅನ್ನೋದು ಬಾಯಿಪಾಠ ಆಗಿರಬೇಕು. ಸುಮ್ಮನಿರುವ ಕೋಶದ ಒಳಗೆ ಹೊರಗಿಗಿಂತ ಸುಮಾರು 88 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಪ್ರಚೋದನೆ ಬಂದ ಕೂಡಲೇ ಕೋಶದ ಹೊರಪೊರೆಯ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳು ತೆರೆಯುತ್ತವೆ. ಅವನ್ನು ಮಾಡುವ ಜೀನ್ ಎಸ್‌ಸಿಎನ್5ಎ. ಒಂದೆರಡು ಮಿಲಿಸೆಕೆಂಡಿನಲ್ಲಿ ವೋಲ್ಟೇಜ್ ಸೊನ್ನೆ ದಾಟಿ ಮೇಲೆ ಹೋಗುತ್ತದೆ. ಆಮೇಲೆ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್‌ಗಳ ಸರದಿ, ಅವುಗಳ ಜೀನ್ ಸಿಎಸಿಎನ್‌ಎ1ಸಿ. ಒಳಬರುವ ಕ್ಯಾಲ್ಸಿಯಂ, ಹೊರಹೋಗುವ ಪೊಟ್ಯಾಸಿಯಂ ಎರಡೂ ತಕ್ಕಡಿಯಲ್ಲಿ ನಿಂತಂತೆ ಇರುವುದರಿಂದ ವೋಲ್ಟೇಜ್ ಸ್ವಲ್ಪ ಹೊತ್ತು ಮೇಲೆಯೇ ಉಳಿಯುತ್ತದೆ. ಕೊನೆಗೆ ಪೊಟ್ಯಾಸಿಯಂ ಗೆಲ್ಲುತ್ತದೆ, ಗ್ರಾಫಿನಲ್ಲಿ ವೋಲ್ಟೇಜ್ ಗೆರೆ ಕೆಳಗೆ ಬರುತ್ತದೆ. ಹೀಗೆ ಇಳಿಸುವ ಮುಖ್ಯ ಚಾನೆಲ್ಲನ್ನು ಮಾಡುವುದೇ ಕೆಸಿಎನ್‌ಎಚ್2.

ಇದೆಲ್ಲ ವಿದ್ಯುತ್ತಿನ ಮಾತಾಯಿತು. ಕೋಶವನ್ನು ಕುಗ್ಗಿಸುವುದು ಕ್ಯಾಲ್ಸಿಯಂ. ಹೊರಗೆ ಅದು 1.8 ಮಿಲಿಮೋಲಾರ್ ಇದ್ದರೆ ಒಳಗೆ ಸುಮಾರು 100 ನ್ಯಾನೋಮೋಲಾರ್ ಮಾತ್ರ, ಅಂದರೆ 18,000 ಪಟ್ಟು ಕಡಿಮೆ. ಹೊರಗಿಂದ ಬರುವ ಕ್ಯಾಲ್ಸಿಯಂ ತೀರಾ ಸ್ವಲ್ಪ. ಅದು ಕೋಶದೊಳಗಿನ ಕಣಜದ ಬಾಗಿಲು ತಟ್ಟುತ್ತದೆ. ಆ ಕಣಜಕ್ಕೆ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ ಅಂತ ಉದ್ದದ ಹೆಸರಿದೆ. ನಾನು ಕಣಜ ಅಂತಲೇ ಬರೆಯುತ್ತೇನೆ. ಅದರ ಬಾಗಿಲು ರಯನೊಡೀನ್ ರಿಸೆಪ್ಟರ್. ಬಾಗಿಲು ತೆರೆದರೆ ಒಳಗಿನ ಕ್ಯಾಲ್ಸಿಯಂ ಸುರಿಯುತ್ತದೆ, ಟ್ರೋಪೋನಿನ್ ಅನ್ನುವ ಪ್ರೋಟೀನಿಗೆ ಅಂಟುತ್ತದೆ, ಮಯೋಸಿನ್ ಎಳೆಗಳು ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುತ್ತವೆ.

ಮತ್ತೆ ಸಡಿಲವಾಗಬೇಕಾದರೆ ಸುರಿದದ್ದೆಲ್ಲ ವಾಪಸ್ ಹೋಗಬೇಕು. ಮನುಷ್ಯನ ಕೋಶದಲ್ಲಿ ನೂರಕ್ಕೆ ಸುಮಾರು 70 ಭಾಗವನ್ನು ಸರ್ಕಾ ಅನ್ನುವ ಪಂಪು ಕಣಜಕ್ಕೆ ತುಂಬುತ್ತದೆ. ಉಳಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಸೋಡಿಯಂ-ಕ್ಯಾಲ್ಸಿಯಂ ಎಕ್ಸ್‌ಚೇಂಜರ್ ಕೋಶದಿಂದ ಹೊರಗೆ ಹಾಕುತ್ತದೆ. ಮೂರು ಸೋಡಿಯಂ ಒಳಗೆ ಬಿಟ್ಟುಕೊಂಡು ಒಂದು ಕ್ಯಾಲ್ಸಿಯಂ ಹೊರಗೆ. ಇಲಿಯ ಕೋಶದಲ್ಲಿ ಸರ್ಕಾ ಪಾಲು 90 ದಾಟುತ್ತದೆ. ಅದಕ್ಕೇ ಇಲಿಯ ಸಂಖ್ಯೆಗಳನ್ನು ಮನುಷ್ಯನ ಮಾದರಿಗೆ ಎತ್ತಿ ಹಾಕಬೇಡಿ.

ಮೊದಲು ಸಣ್ಣಪುಟ್ಟದ್ದನ್ನು ಮುಗಿಸಿ

ದೊಡ್ಡ ಕಾರಣ ಹುಡುಕಲು ಹೊರಡುವ ಮೊದಲು ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಪೊಟ್ಯಾಸಿಯಂ ಹೊರಗೆ 5.4, ಒಳಗೆ 145 ಮಿಲಿಮೋಲಾರ್. ಈ ಎರಡರ ಅನುಪಾತದ ಲಾಗರಿದಮ್‌ನಿಂದ ವೋಲ್ಟೇಜ್ ಲೆಕ್ಕ ಹಾಕುವುದು ನರ್ನ್‌ಸ್ಟ್ ಸೂತ್ರ. 37 ಡಿಗ್ರಿಯಲ್ಲಿ ಅದರ ಗುಣಕ 26.7 ಮಿಲಿವೋಲ್ಟ್. ಲೆಕ್ಕ ಹಾಕಿದರೆ ಮೈನಸ್ 88 ಬರಬೇಕು. ನಿಮ್ಮ ಮಾದರಿಯ ಪೊಟ್ಯಾಸಿಯಂ ಪೊಟೆನ್ಶಿಯಲ್ ಮೈನಸ್ 38 ತೋರಿಸುತ್ತಿದ್ದರೆ ಬೇರೇನೂ ಹುಡುಕಬೇಡಿ. ನೈಸರ್ಗಿಕ ಲಾಗರಿದಮ್ ಇರಬೇಕಾದ ಕಡೆ ಹತ್ತರ ಲಾಗರಿದಮ್ ಕೂತಿದೆ. ಪೈಥಾನ್‌ನಲ್ಲಿ ಲಾಗ್ ಅಂದರೆ ನೈಸರ್ಗಿಕ, ಎಕ್ಸೆಲ್‌ನಲ್ಲಿ ಲಾಗ್ ಅಂದರೆ ಹತ್ತರದ್ದು. ಒಂದರಿಂದ ಇನ್ನೊಂದಕ್ಕೆ ಸೂತ್ರ ನಕಲು ಮಾಡುವಾಗ ಈ ತಪ್ಪು ನುಸುಳುತ್ತದೆ. ಅವಳದು ಮೈನಸ್ 88ರ ಹತ್ತಿರವೇ ಇತ್ತು.

ಎರಡನೆಯದು ಸಮಯದ ಹೆಜ್ಜೆ, ಅಂದರೆ ಮಾದರಿ ಎಷ್ಟು ಸಮಯಕ್ಕೊಮ್ಮೆ ಲೆಕ್ಕ ಹಾಕುತ್ತದೆ ಅನ್ನೋದು. ಸೋಡಿಯಂ ಚಾನೆಲ್ಲಿನ ಬಾಗಿಲು ಬಹಳ ಚುರುಕು. ಲೆಕ್ಕದ ಹೆಜ್ಜೆ ದಪ್ಪವಾದರೆ ಅದು ಕೈಗೆ ಸಿಗುವುದಿಲ್ಲ. ಹೆಜ್ಜೆಯನ್ನು ಅರ್ಧ ಮಾಡಿ ಓಡಿಸಿ. ಉತ್ತರ ಬದಲಾಯಿತೇ? ಹಾಗಾದರೆ ಮೊದಲಿನ ಉತ್ತರ ನಂಬುವಂಥದ್ದಲ್ಲ. ಬದಲಾಗಲಿಲ್ಲವೇ, ಮುಂದೆ ಹೋಗಿ.

ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ನೀವು ಪ್ರತಿ ಬಡಿತಕ್ಕೂ ಕೊಡುವ ಪ್ರಚೋದನೆಯ ಕರೆಂಟ್ ಯಾವ ಅಯಾನಿನದು, ಅಂದರೆ ಚಾರ್ಜ್ ಹೊತ್ತ ಯಾವ ಕಣದ್ದು? ಗಾಳಿಯಿಂದ ಬಂದ ಚಾರ್ಜ್ ಅಂತ ಬಿಟ್ಟರೆ ನೂರಾರು ಬಡಿತಗಳಲ್ಲಿ ಲೆಕ್ಕ ಜಾರುತ್ತಾ ಹೋಗುತ್ತದೆ. ಅದನ್ನು ಪೊಟ್ಯಾಸಿಯಂ ಖಾತೆಗೆ ಸೇರಿಸಿ. ನನ್ನ ಹತ್ತಿರ ಬರುವ ಮಕ್ಕಳಿಗೆ ಮನೆಯ ಖರ್ಚಿನ ಪುಸ್ತಕದಂತೆ ಬರೆಯಿರಿ ಅನ್ನುತ್ತೇನೆ: ಬಂದ ದುಡ್ಡಿಗೆ ಎಲ್ಲಿಂದ ಬಂತು ಅಂತ ಹೆಸರಿರಬೇಕು.

ಇನ್ನೊಂದು, ಎಷ್ಟು ಬಡಿತ ಓಡಿಸಿದಿರಿ ಅನ್ನೋದು. ವೋಲ್ಟೇಜ್ ನಾಲ್ಕಾರು ಬಡಿತಕ್ಕೆ ನೆಲೆ ನಿಂತಂತೆ ಕಾಣುತ್ತದೆ. ಕಣಜದ ಕ್ಯಾಲ್ಸಿಯಂ, ಒಳಗಿನ ಸೋಡಿಯಂ ಹಾಗಲ್ಲ, ಅವು ನಿಧಾನಸ್ಥ. ಸೆಕೆಂಡಿಗೊಂದರಂತೆ ನಾನು 1000 ಬಡಿತ ಓಡಿಸುತ್ತೇನೆ. ಅವಳು ಓಡಿಸಿದ್ದು 30. "ಇನ್ನೂ ಇಳೀತಿರೋದನ್ನ ದೋಷ ಅಂತೀಯೋ, ನೆಲೆ ನಿಲ್ಲೋಕೆ ಮುಂಚಿನ ಓಲಾಟ ಅಂತೀಯೋ, ಹೇಗೆ ಹೇಳ್ತೀಯ?" ಅಂತ ಕೇಳಿದೆ. 1000ಕ್ಕೆ ಹಾಕಿ ನಾವು ಅಡುಗೆಮನೆಗೆ ಹೋದೆವು. ಸಾರು ಕುದಿಯುವ ಹೊತ್ತಿಗೆ ಓಟ ಮುಗಿದಿತ್ತು. ಬಲ ಇಳಿದು ಇಳಿದು ಕೊನೆಗೆ ಒಂದು ಕಡೆ ನಿಂತಿತ್ತು, ಆದರೆ ಮೊದಲ ಬಡಿತದ ಅರ್ಧಕ್ಕಿಂತ ಕೆಳಗೆ. ಓಲಾಟ ಮಾತ್ರ ಆಗಿದ್ದರೆ ಅಷ್ಟು ಕೆಳಗೆ ಹೋಗಿ ಕೂರುವುದಿಲ್ಲ. ದೋಷ ನಿಜ.

ಕೊನೇ ಭಾಗಕ್ಕೆ ನೀರು ಬರದಿದ್ದರೆ

ಅವಳ ಊರು ಮದ್ದೂರು ಕಡೆ, ಅಪ್ಪ ನಾಲೆಯ ಕೊನೇ ಭಾಗದ ರೈತ. ಹಾಗಾಗಿ ನಾನು ಅವಳಿಗೆ ಹೇಳಿದ್ದು ಹೀಗೆ. "ನಿಮ್ಮ ಗದ್ದೆಗೆ ನೀರು ಬರಲಿಲ್ಲ ಅಂದ್ರೆ ನಿಮ್ಮಪ್ಪ ಏನು ನೋಡ್ತಾರೆ?"

"ಮೊದ್ಲು ಕಟ್ಟೇಲಿ ನೀರೈತಾ ಅಂತ ಕೇಳ್ತಾರೆ. ಇದ್ರೆ ತೂಬು ಎತ್ತವ್ರಾ ಅಂತ. ಅದೂ ಎತ್ತಿದ್ರೆ ಮಧ್ಯ ಎಲ್ಲಿ ಒಡ್ಕೊಂಡ್ ಹೋಗ್ತೈತೆ ಅಂತ ನಾಲೆ ಮೇಲೆ ನಡ್ಕೊಂಡ್ ಹೋಗ್ತಾರೆ."

ಕೋಶದಲ್ಲೂ ಅದೇ ನಡಿಗೆ. ಬಲ ಅನ್ನೋದು ಕೊನೇ ಭಾಗದ ಗದ್ದೆ. ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಬಲದ ಗೆರೆಯ ಪಕ್ಕದಲ್ಲೇ ಕ್ಯಾಲ್ಸಿಯಂ ಗೆರೆ ಇಡಿ. ಕ್ಯಾಲ್ಸಿಯಂ ಸರಿಯಾಗಿ ಏರಿಳಿಯುತ್ತಾ ಬಲ ಮಾತ್ರ ಕಡಿಮೆ ಇದ್ದರೆ ದೋಷ ಎಳೆಗಳಲ್ಲಿ, ಅಂದರೆ ಟ್ರೋಪೋನಿನ್, ಮಯೋಸಿನ್ ಮತ್ತು ಅವುಗಳ ಜೊತೆಗಾರರಲ್ಲಿ. ನಮ್ಮ ದೇಶದವರಿಗೆ ಇದು ದೂರದ ಮಾತಲ್ಲ. ಮಯೋಸಿನ್ ಎಳೆಗೆ ಕಟ್ಟಿಕೊಂಡಿರುವ ಒಂದು ಪ್ರೋಟೀನಿನ ಜೀನ್ ಎಂವೈಬಿಪಿಸಿ3. ಅದರಲ್ಲಿ ಡಿಎನ್‌ಎಯ 25 ಅಕ್ಷರಗಳು ಅಳಿಸಿಹೋದ ಒಂದು ಬದಲಾವಣೆ ಭಾರತ ಉಪಖಂಡದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿದೆ ಅಂತ 2009ರ ಅಧ್ಯಯನ ತೋರಿಸಿತು. ಹೃದಯ ಸ್ನಾಯುವಿನ ಕಾಯಿಲೆಗೂ ಅದಕ್ಕೂ ನಂಟಿದೆ ಅಂತಲೂ ಹೇಳಿತು. ಅದನ್ನು ಹೊತ್ತವರೆಲ್ಲರೂ ಕಾಯಿಲೆ ಬೀಳುವುದಿಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ಹೆದರಬಾರದು.

ಅವಳ ಗ್ರಾಫಿನಲ್ಲಿ ಬಲದ ಜೊತೆ ಕ್ಯಾಲ್ಸಿಯಂ ಕೂಡ ಇಳಿದಿತ್ತು. ಎಳೆಗಳ ಮೇಲಿನ ಅನುಮಾನ ಹೋಯಿತು. ಒಂದು ಹೆಜ್ಜೆ ಹಿಂದೆ ಹೋಗಿ ಕಣಜ ನೋಡಿದೆವು. ಅಲ್ಲೂ ಕಡಿಮೆ.

ಕಣಜ ಬರಿದಾಗಲು ನಾಲ್ಕು ದಾರಿ ಇವೆ. ಬೆರಳ ಗುರುತಿನಂತೆ ಒಂದೊಂದರ ಗುರುತೂ ಬೇರೆ.

ಸರ್ಕಾ ಪಂಪು ಸೋತಿದ್ದರೆ ಬಡಿತದ ನಂತರ ಕ್ಯಾಲ್ಸಿಯಂ ನಿಧಾನವಾಗಿ ಇಳಿಯುತ್ತದೆ. ಗೆರೆಗೆ ಉದ್ದನೆಯ ಬಾಲ ಬರುತ್ತದೆ. ಎರಡು ಬಡಿತದ ನಡುವೆಯೂ ತಳ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಎಕ್ಸ್‌ಚೇಂಜರ್ ಅತಿಯಾಗಿ ದುಡಿಯುತ್ತಿದ್ದರೆ ಇದಕ್ಕೆ ಉಲ್ಟಾ: ಇಳಿತ ಚುರುಕು, ತಳ ಕೆಳಗೆ, ಕಣಜವೂ ಖಾಲಿ. ಕಣಜದ ಬಾಗಿಲು ಸೋರುತ್ತಿದ್ದರೆ ಇಳಿಯುವ ವೇಗ ಹೆಚ್ಚೇನೂ ಕೆಡುವುದಿಲ್ಲ. ಎರಡು ಬಡಿತದ ನಡುವೆ ಕಣಜದ ಮಟ್ಟ ಮಾತ್ರ ಮೆಲ್ಲಗೆ ಜಾರುತ್ತದೆ. ಕ್ಯಾಲ್ಸಿಯಂ ಚಾನೆಲ್ ಕ್ಷೀಣಿಸಿದ್ದರೆ ವೋಲ್ಟೇಜ್ ಗೆರೆಯ ಮೇಲಿನ ಚಪ್ಪಟೆ ಭಾಗವೇ ಕುಸಿಯುತ್ತದೆ, ಬೇಗ ಗೊತ್ತಾಗುತ್ತದೆ.

ನಿಜವಾದ ಕೋಶವಾದರೆ ಕಣಜದಲ್ಲಿ ಎಷ್ಟಿದೆ ಅಂತ ತಿಳಿಯಲು ಕೆಫೀನ್ ಸುರಿಯುತ್ತಾರೆ. ಬಾಗಿಲುಗಳೆಲ್ಲ ಒಮ್ಮೆಗೇ ತೆರೆದು ಇದ್ದದ್ದೆಲ್ಲ ಹೊರಬರುತ್ತದೆ, ಆ ಶಿಖರವನ್ನು ಅಳೆಯುತ್ತಾರೆ. ಮಾದರಿಯಲ್ಲಿ ಇದಕ್ಕೆ ಖರ್ಚೇ ಇಲ್ಲ, ಬಾಗಿಲನ್ನು ಪೂರ್ತಿ ತೆರೆದುಬಿಡಿ.

ಅವಳ ಗೆರೆಗೆ ಉದ್ದನೆಯ ಬಾಲ ಇತ್ತು. ತಳ ಮೇಲೆದ್ದಿತ್ತು. ಗುರುತು ಸರ್ಕಾ ಕಡೆ ಬೊಟ್ಟು ಮಾಡುತ್ತಿತ್ತು.

ಆದರೂ ಒಂದು ಪರೀಕ್ಷೆ ಬಾಕಿ. ಕ್ಯಾಲ್ಸಿಯಂ ವೋಲ್ಟೇಜನ್ನು ಕೆಡಿಸುತ್ತದೆ, ವೋಲ್ಟೇಜ್ ಕ್ಯಾಲ್ಸಿಯಂ ಅನ್ನು ಕೆಡಿಸುತ್ತದೆ. ಯಾರು ಮೊದಲು ಅಂತ ತಿಳಿಯಲು ಎರಡನ್ನೂ ಬೇರ್ಪಡಿಸಬೇಕು. ಏನೂ ಬದಲಿಸದ ಮೂಲ ಮಾದರಿಯಿಂದ ಒಂದು ಬಡಿತದ ವೋಲ್ಟೇಜ್ ಗೆರೆಯನ್ನು ಉಳಿಸಿಕೊಂಡು, ಅದನ್ನೇ ಕೆಟ್ಟ ಮಾದರಿಗೆ ಪ್ರತಿ ಬಡಿತಕ್ಕೂ ಬಲವಂತವಾಗಿ ಉಣಿಸಿದೆವು. ಬಲ ಆಗಲೂ ಇಳಿಯಿತು. ಅಂದರೆ ದೋಷ ಕ್ಯಾಲ್ಸಿಯಂ ಕಡೆಯೇ ಹುಟ್ಟುತ್ತಿದೆ.

"ಆದ್ರೆ ನಾನು ಸರ್ಕಾನ ಮುಟ್ಟೇ ಇಲ್ಲ ದೊಡ್ಡಮ್ಮ!" ಅಂದಳು. ಅವಳ ದನಿಯಲ್ಲಿ ಅಳು ಇತ್ತು.

ಆಗಬೇಕಾದದ್ದು ಆಗಿರಲಿಲ್ಲ

ಆಗ ಅವಳು ಬಂದ ಕೂಡಲೇ ಹೇಳಿದ ಮಾತು ನನಗೆ ನೆನಪಾಯಿತು. ವೋಲ್ಟೇಜ್ ಎಲ್ಲಾ ಸರಿಯಾಗೇ ಬರ್ತೈತೆ.

ಅದು ಹೇಗೆ ಸರಿಯಾಗಿ ಬರುತ್ತದೆ? ಅವಳು ಕೆಸಿಎನ್‌ಎಚ್2 ಕರೆಂಟನ್ನು ಅರ್ಧ ಮಾಡಿದ್ದಾಳೆ. ವೋಲ್ಟೇಜನ್ನು ಕೆಳಗಿಳಿಸುವ ಮುಖ್ಯ ಕರೆಂಟೇ ಅದು. ಅರ್ಧ ಮಾಡಿದ ಮೇಲೆ ಗೆರೆ ತಡವಾಗಿ ಇಳಿಯಲೇಬೇಕು. ಇಸಿಜಿಯಲ್ಲಿ ಇದೇ ಕ್ಯೂಟಿ ಅಂತರ, ಅಂದರೆ ಕೆಳಕೋಣೆಗಳಲ್ಲಿ ವಿದ್ಯುತ್ ಎದ್ದು ಮತ್ತೆ ಇಳಿಯುವವರೆಗಿನ ಸಮಯ, ಉದ್ದವಾಗುವುದು. ಮೂಲ ಮಾದರಿಯ ಗೆರೆಯನ್ನು ಅವಳ ಗೆರೆಯ ಮೇಲೆ ಇಟ್ಟು ನೋಡಿದೆವು. ಇಳಿಯುವ ಜಾಗದಲ್ಲಿ ಎರಡರ ನಡುವೆ ಕೂದಲೆಳೆಯಷ್ಟು ಅಂತರ. ಹತ್ತು ದಿನದಿಂದ ಅವಳು ಯಾವುದನ್ನು ಸರಿ ಅಂದುಕೊಂಡಿದ್ದಳೋ ಅದೇ ದೊಡ್ಡ ಸುಳಿವು.

ಏನನ್ನಾದರೂ ಬದಲಿಸಿದ ಮೇಲೆ ಎಲ್ಲಿ ಏನು ಬದಲಾಗಬೇಕು ಅಂತ ಓಡಿಸುವ ಮೊದಲೇ ಕಾಗದದಲ್ಲಿ ಬರೆದಿಡಿ. ಆಮೇಲೆ ಬದಲಾಗದೆ ಉಳಿದದ್ದನ್ನು ಮೊದಲು ನೋಡಿ. ನಾನು ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಯಾಕಂದರೆ ವೋಲ್ಟೇಜ್ ಗೆರೆ ನೋಡಲು ಚಂದ, ಕಣ್ಣನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. 1962ರಲ್ಲಿ ಶರೀರಕ್ರಿಯಾ ವಿಜ್ಞಾನಿ ಡೆನಿಸ್ ನೋಬಲ್ ಹೃದಯ ಕೋಶದ ಮೊದಲ ಗಣಕ ಮಾದರಿ ಮಾಡಿದಾಗ ಅದರಲ್ಲಿ ಕ್ಯಾಲ್ಸಿಯಂ ಕರೆಂಟೇ ಇರಲಿಲ್ಲ, ಅದು ಇನ್ನೂ ಗೊತ್ತಾಗಿರಲಿಲ್ಲ. ಬರೀ ಸೋಡಿಯಂ, ಪೊಟ್ಯಾಸಿಯಂನಿಂದಲೇ ಚಪ್ಪಟೆ ಭಾಗ ಸೊಗಸಾಗಿ ಬಂದಿತ್ತು. ಇನ್ನೊಬ್ಬ ವಿಜ್ಞಾನಿ ಹೆರಾಲ್ಡ್ ರಾಯ್ಟರ್ ಕ್ಯಾಲ್ಸಿಯಂ ಕರೆಂಟನ್ನು ತೋರಿಸಿದ್ದು 1967ರಲ್ಲಿ. ಗೆರೆ ಸರಿಯಾಗಿ ಬಂದ ಮಾತ್ರಕ್ಕೆ ಒಳಗಿರುವುದೆಲ್ಲ ಸರಿ ಅಂತ ಅಲ್ಲ ಅಲ್ವಾ?

ಅದಕ್ಕೂ ಹಿಂದೆ ವೈದ್ಯ ಸಿಡ್ನಿ ರಿಂಗರ್‌ಗೆ ಆದದ್ದು ಇದೇ. ಲಂಡನ್ನಿನಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಇಟ್ಟು ಬಡಿಸುತ್ತಿದ್ದರು. ಬಟ್ಟಿ ಇಳಿಸಿದ ನೀರಿನಲ್ಲಿ ದ್ರಾವಣ ಮಾಡಿದ್ದೇವೆ ಅಂದುಕೊಂಡು 1882ರಲ್ಲಿ ಬರೆದೂ ಬಿಟ್ಟರು. ಆಮೇಲೆ ನೋಡಿದರೆ ಸಹಾಯಕ ಬಳಸಿದ್ದು ನಲ್ಲಿ ನೀರು. ನಿಜವಾಗಿಯೂ ಬಟ್ಟಿ ಇಳಿಸಿದ ನೀರು ಹಾಕಿದಾಗ ಹೃದಯ ಕುಗ್ಗುವುದನ್ನೇ ನಿಲ್ಲಿಸಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅಷ್ಟು ದಿನ ಕೆಲಸ ಮಾಡುತ್ತಿತ್ತು. 1883ರಲ್ಲಿ ಅವರೇ ತಮ್ಮ ಬರಹವನ್ನು ತಿದ್ದಿದರು. ಬಾಟಲಿಯಲ್ಲಿ ಇದೆ ಅಂದುಕೊಂಡದ್ದು ಬೇರೆ, ಇದ್ದದ್ದು ಬೇರೆ.

ಅವಳ ಬಾಟಲಿಯನ್ನೂ ತೆರೆದು ನೋಡಿದೆವು. ಜೀನುಗಳ ಗುಣಕಗಳನ್ನು, ಅಂದರೆ ಯಾವುದರ ಕೆಲಸ ಎಷ್ಟು ಪಟ್ಟು ಅನ್ನುವ ಸಂಖ್ಯೆಗಳನ್ನು, ಅವಳು ಒಂದು ಕಡತದಲ್ಲಿ ಸಾಲಾಗಿ ಬರೆದಿದ್ದಳು, ಹೆಸರಿಲ್ಲದೆ. ಒಂದು, ಒಂದು, ಒಂದು, 0.5, ಒಂದು, ಒಂದು. ಪ್ರೋಗ್ರಾಂ ಅವನ್ನು ಸ್ಥಾನ ನೋಡಿ ಓದುತ್ತಿತ್ತು. ಬಲದ ಭಾಗ ಜೋಡಿಸುವಾಗ ಅವಳು ಪ್ರೋಗ್ರಾಮಿನ ಪಟ್ಟಿಯಲ್ಲಿ ಸರ್ಕಾ ಪಂಪನ್ನು ನಡುವೆ ಸೇರಿಸಿದ್ದಳು. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸ್ಥಾನ ಸರಿದಿದ್ದವು. ಪೊಟ್ಯಾಸಿಯಂಗೆ ಹೋಗಬೇಕಾದ 0.5 ಸರ್ಕಾಗೆ ಬಿದ್ದಿತ್ತು. ಹತ್ತು ದಿನ ಅವಳು ಬೇರೆಯದೇ ಜೀನಿನ ಕಾಯಿಲೆಗೆ ಮದ್ದು ಹುಡುಕುತ್ತಿದ್ದಳು.

ಪ್ರತಿ ಗುಣಕದ ಮುಂದೆ ಜೀನಿನ ಹೆಸರು ಬರೆಯಿಸಿದೆ. ಸ್ಥಾನ ನೋಡಿ ಓದುವುದನ್ನು ತೆಗೆದು ಹೆಸರು ನೋಡಿ ಓದುವಂತೆ ಮಾಡಿದಳು. ಓಟ ಶುರುವಾದ ಕೂಡಲೇ ಯಾವ ಕರೆಂಟ್ ಎಷ್ಟು ಪಟ್ಟು ಅಂತ ಪರದೆಯ ಮೇಲೆ ಬರುವಂತೆಯೂ ಮಾಡಿದಳು. ಈ ಕೊನೆಯದನ್ನು ನೀವೂ ಮಾಡಿ. ನಾಲ್ಕು ಸಾಲಿನ ಕೆಲಸ.

ಅರ್ಧ ಅಂದರೆ ಅರ್ಧವೇ?

ತಪ್ಪು ಸಿಕ್ಕ ಖುಷಿಯಲ್ಲಿ ಅವಳು ಲ್ಯಾಪ್‌ಟಾಪ್ ಮುಚ್ಚಿಡಲು ಹೊರಟಳು. ನಾನು ಬಿಡಲಿಲ್ಲ. 0.5 ಅನ್ನುವ ಸಂಖ್ಯೆಯೇ ಸರಿಯೇ ಅಂತ ಇನ್ನೂ ಕೇಳಿರಲಿಲ್ಲ.

ಎರಡು ಪ್ರತಿಯಲ್ಲಿ ಒಂದು ಕೆಟ್ಟರೆ ಕರೆಂಟ್ ಅರ್ಧ ಆಗುತ್ತದೆ ಅನ್ನೋದು ಎಲ್ಲ ಕಡೆ ನಡೆಯುವುದಿಲ್ಲ. ಕೆಸಿಎನ್‌ಎಚ್2 ಮಾಡುವ ಪ್ರೋಟೀನ್ ಒಂಟಿಯಾಗಿ ಚಾನೆಲ್ ಆಗುವುದಿಲ್ಲ. ಅಂಥ ನಾಲ್ಕು ಸೇರಿದರೆ ಒಂದು ಚಾನೆಲ್. ಕೆಟ್ಟ ಪ್ರತಿಯಿಂದ ಪ್ರೋಟೀನೇ ಹುಟ್ಟದಿದ್ದರೆ ಸರಿ, ಉಳಿಯುವುದು ಅರ್ಧ. ಆದರೆ ಕೆಟ್ಟ ಪ್ರೋಟೀನ್ ಹುಟ್ಟಿ, ಒಳ್ಳೆಯದರ ಜೊತೆ ಬೆರೆತು, ನಾಲ್ಕರಲ್ಲಿ ಒಂದಿದ್ದರೂ ಚಾನೆಲ್ ಕೆಡುತ್ತದೆ ಅಂತಿಟ್ಟುಕೊಳ್ಳಿ. ಆಗ ನಾಲ್ಕೂ ಒಳ್ಳೆಯವೇ ಇರುವ ಚಾನೆಲ್ ಹದಿನಾರರಲ್ಲಿ ಒಂದು ಮಾತ್ರ. ಅರ್ಧವನ್ನು ನಾಲ್ಕು ಸಲ ಗುಣಿಸಿ ನೋಡಿ. ಸೋಡಿಯಂ, ಕ್ಯಾಲ್ಸಿಯಂ ಚಾನೆಲ್‌ಗಳಲ್ಲಿ ನಾಲ್ಕು ಭಾಗವೂ ಒಂದೇ ಉದ್ದನೆಯ ಪ್ರೋಟೀನಿನಲ್ಲಿ ಹೆಣೆದುಕೊಂಡಿವೆ. ಅಲ್ಲಿ ಈ ಹದಿನಾರರ ಲೆಕ್ಕ ಬರುವುದಿಲ್ಲ.

ಇನ್ನು ಅವಳು ಗೊತ್ತಿಲ್ಲದೆ ಅರ್ಧ ಮಾಡಿದ ಸರ್ಕಾ ಕಥೆ ಇನ್ನೂ ವಿಚಿತ್ರ. ಅದರ ಜೀನ್ ಎಟಿಪಿ2ಎ2. ಅದರ ಒಂದು ಪ್ರತಿ ಕೆಟ್ಟವರಿಗೆ ಡೇರಿಯರ್ ಅನ್ನುವ ಕಾಯಿಲೆ ಬರುತ್ತದೆ, ಅದು ಮುಖ್ಯವಾಗಿ ಚರ್ಮದ ಕಾಯಿಲೆ. ಹೃದಯ ಸಾಮಾನ್ಯವಾಗಿ ತನ್ನ ಕೆಲಸ ಮಾಡಿಕೊಂಡೇ ಹೋಗುತ್ತದೆ. ಮಾದರಿಯಲ್ಲಿ ಅರ್ಧಕ್ಕಿಂತ ಕೆಳಗಿಳಿದ ಬಲ, ಬದುಕಿರುವ ದೇಹದಲ್ಲಿ ಹಾಗೆ ಇಳಿಯುವುದಿಲ್ಲ. ಕೋಶ ಬೇರೆ ಪ್ರೋಟೀನುಗಳನ್ನು ಹೆಚ್ಚುಕಡಿಮೆ ಮಾಡಿಕೊಂಡು ಸರಿದೂಗಿಸುತ್ತದೆ. ಮಾದರಿಗೆ ಆ ವಿದ್ಯೆ ನಾವು ಕಲಿಸಿಲ್ಲ. ಇದೇ ಕಾರಣಕ್ಕೆ ಮಾದರಿಯ ಉತ್ತರ ಹಿಡಿದು ಯಾರ ಆರೋಗ್ಯದ ಬಗ್ಗೆಯೂ ತೀರ್ಮಾನ ಹೇಳಬೇಡಿ. ಮನೆಯಲ್ಲಿ ಯಾರಾದರೂ ಓಡುವಾಗಲೋ, ಅಲಾರಂ ಸದ್ದಿಗೆ ಬೆಚ್ಚಿಬಿದ್ದಾಗಲೋ ಎಚ್ಚರ ತಪ್ಪಿ ಬಿದ್ದರೆ ಹೃದಯದ ವೈದ್ಯರ ಹತ್ತಿರ ಹೋಗಿ ಇಸಿಜಿ ಮಾಡಿಸಿ. ಉಷ್ಣ, ಸುಸ್ತು ಅಂತ ಕೈಬಿಡಬೇಡಿ.

ಸರಿಹೋಯಿತು ಅಂತ ಹೇಗೆ ಗೊತ್ತಾಗುತ್ತದೆ

ಕಡತ ತಿದ್ದಿ 1000 ಬಡಿತ ಓಡಿಸಿದಳು. ವೋಲ್ಟೇಜ್ ಗೆರೆ ಉದ್ದವಾಯಿತು. ಬಲ ಇಳಿಯಲಿಲ್ಲ. ಮೊದಲಿಗಿಂತ ಒಂದಿಷ್ಟು ಏರಿತು ಕೂಡ. ಗೆರೆ ಮೇಲೆ ಹೆಚ್ಚು ಹೊತ್ತು ನಿಂತರೆ ಕ್ಯಾಲ್ಸಿಯಂ ಹೆಚ್ಚು ಬರುತ್ತದೆ, ಕಣಜ ತುಂಬುತ್ತದೆ, ಅದು ಸಹಜ.

ಆದರೂ ದೋಷ ಹೋಯಿತು ಅನ್ನಲು ಅಷ್ಟು ಸಾಲದು. ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆ ಕೇಳಬೇಕು. ಕೆಸಿಎನ್‌ಎಚ್2 ಕರೆಂಟನ್ನು ನೂರಕ್ಕೆ 85 ಭಾಗ ಮುಚ್ಚಿ, ನಾಲ್ಕು ಸೆಕೆಂಡಿಗೊಂದರಂತೆ ನಿಧಾನವಾಗಿ ಬಡಿಸಿದರೆ ವೋಲ್ಟೇಜ್ ಇಳಿಯುವ ದಾರಿಯಲ್ಲಿ ಉಬ್ಬು ಏಳುತ್ತದೆ ಅಂತ ಮಾದರಿ ಮಾಡಿದವರೇ 2011ರಲ್ಲಿ ತೋರಿಸಿದ್ದಾರೆ. ಕೆಟ್ಟ ಲಯ ಶುರುವಾಗುವುದು ಇಂಥ ಉಬ್ಬಿನಿಂದ. ಕೆಸಿಎನ್‌ಎಚ್2 ಮುಂದೆ 0.15 ಬರೆದು, ಬಡಿತದ ಅಂತರ 4000 ಮಿಲಿಸೆಕೆಂಡಿಗೆ ಇಟ್ಟಳು. ಪರದೆಯ ಮೇಲೆ ಮೊದಲು ಗುಣಕಗಳ ಪಟ್ಟಿ ಬಂತು. ಬೆರಳಿಟ್ಟು ಒಂದೊಂದನ್ನೂ ಓದಿದಳು. ಸರ್ಕಾ ಒಂದು. ಕೆಸಿಎನ್‌ಎಚ್2 0.15.

ರಾತ್ರಿ ಹನ್ನೊಂದೂವರೆಗೆ ಗೆರೆ ಬಂತು. ಚಪ್ಪಟೆಯಾಗಿ ಸಾಗಿ, ಇಳಿಯಲು ಶುರುವಾಗಿ, ಅರ್ಧದಾರಿಯಲ್ಲಿ ತಿರುಗಿ ಮೇಲಕ್ಕೆ ಎದ್ದಿತ್ತು.